ಆಚೆ ದೇಶದಲ್ಲಿ ‘ಹೋಯ್ತು’ ಇಲ್ಲ

ಮಾರ್ಚ್ ೩, ಸೋಮವಾರ

ಬೆಳಿಗ್ಗೆ ಹಾಲು ಉಕ್ಕಿಹೋಯಿತು. ನಾನು ಪಕ್ಕದಲ್ಲೇ ನಿಂತಿದ್ದೆ. ಪೇಪರಿನ ಹಾಳೆ ಮುಖಕ್ಕೆ ಅಡ್ಡ ಬಂತು, ಅಷ್ಟರಲ್ಲಿ ಉಕ್ಕಿಹೋಯಿತು. ಈಗಿನ ಹಾಲಿಗೂ ತಾಳ್ಮೆ ಇಲ್ಲ.

ಅದರ ಬೆನ್ನಿಗೇ ಸೊಸೆಯ ಕೈಯಲ್ಲಿ ನನ್ನ ಗಾಜಿನ ಲೋಟ ಚೂರಾಯಿತು. ಇಪ್ಪತ್ತು ವರ್ಷದಿಂದ ಟೀ ಕುಡಿದ ಲೋಟ. “ಬಿದ್ದೋಯ್ತು ಮಾವ” ಎಂದಳು. ಲೋಟವೇ ಜೀವನದಲ್ಲಿ ಬೇಸತ್ತು ಮೇಜಿನಿಂದ ಹಾರಿಕೊಂಡಿತು ಅನ್ನುವ ಹಾಗೆ! ನಾನು ಏನೂ ಅನ್ನಲಿಲ್ಲ. ನಮ್ಮ ಕಾಲದಲ್ಲಿ ಲೋಟಗಳೂ ದೊಡ್ಡವರ ಮಾತು ಕೇಳುತ್ತಿದ್ದವು ಅಂತ ಮಾತ್ರ ಅಂದೆ.

ಸಂಜೆ ಅವಳು ಆಫೀಸಿನಿಂದ ಬಂದವಳೇ ಈ ದಪ್ಪ ನೋಟ್‌ಬುಕ್ಕನ್ನು ನನ್ನ ಮುಂದೆ ಇಟ್ಟಳು. “ಮಾವ, ಇಷ್ಟೊಂದು ನ್ಯಾಯ ನೀತಿ ತಲೇಲಿ ಇಟ್ಕೊಂಡು ಬರೀ ನಮ್ಮಿಬ್ಬರ ಮೇಲೆ ಯಾಕೆ ಸುರೀತೀರ? ನಮ್ಮ ಆಫೀಸಿಗೆ ಕೊಡಿ, ನಾಲ್ಕು ಸಾವಿರ ಜನ ಕಾಯ್ತಾ ಇದ್ದಾರೆ.”

ವಿಷಯ ಏನೆಂದರೆ, ಅವಳ ಆಫೀಸಿನವರು ಕಂಪ್ಯೂಟರಿನಲ್ಲಿ ಆಡುವ ಆಟ ತಯಾರಿಸುತ್ತಾರೆ. ಈ ಸಲ ಒಂದು ಇಡೀ ದೇಶವನ್ನೇ ಮಾಡಿದ್ದಾರೆ. ನದಿ, ಕೋಟೆ, ಕುದುರೆ, ಎರಡು ತಲೆಯ ಹಾವು, ಎಲ್ಲ ತಯಾರು. ಜನರೂ ತಯಾರು. ಆದರೆ ಆ ಜನಕ್ಕೆ ರೀತಿ ನೀತಿ ಹಾಕುವುದು ಮಾತ್ರ ಎಲ್ಲರಿಗೂ ಮರೆತುಹೋಗಿದೆ. ಎದುರು ಸಿಕ್ಕರೆ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದು, ಮುಚ್ಚಿದ ಬಾಗಿಲಿನ ಹಾಗೆ ನಿಲ್ಲುತ್ತಾರಂತೆ. ಅದಕ್ಕೇ ‘ರೀತಿ-ನೀತಿ ವಿಭಾಗ’ ತೆರೆದು ಸೊಸೆಯನ್ನು ಅದಕ್ಕೆ ಮುಖ್ಯಸ್ಥೆ ಮಾಡಿದ್ದಾರೆ. ವಿಭಾಗ ಅಂದರೆ ಇವಳೊಬ್ಬಳೇ. ಇವಳ ಮೇಲಿನವನು ಎಲ್ಲದಕ್ಕೂ “ಸೂಪರ್” ಅನ್ನುತ್ತಾನಂತೆ. ನಾನು ಅವನಿಗೆ ಸೂಪರ್ ಸಾಹೇಬ ಅಂತ ಹೆಸರಿಟ್ಟೆ.

ದೇಶಕ್ಕೆ ಅವರಿಟ್ಟ ಹೆಸರು ನನ್ನ ನಾಲಿಗೆಯಲ್ಲಿ ಹೊರಳುವುದಿಲ್ಲ. ನನಗೆ ಅದು ಆಚೆ ದೇಶ.

ನನ್ನ ಓದು ನಾಲ್ಕನೇ ಕ್ಲಾಸು. ಉಳಿದದ್ದೆಲ್ಲ ಪ್ರೆಸ್ಸಿನಲ್ಲಿ ನಲವತ್ತೆರಡು ವರ್ಷ ಮೊಳೆ ಜೋಡಿಸಿ ಕಲಿತದ್ದು. ಸೀಸದ ಅಕ್ಷರಗಳನ್ನು ಒಂದೊಂದಾಗಿ ಎತ್ತಿ, ತಿರುವುಮುರುವಾಗಿ ಸಾಲು ಮಾಡಿ, ಊರಿನ ಎಲ್ಲರ ಬುದ್ಧಿವಂತಿಕೆಯನ್ನೂ ಉಲ್ಟಾ ಓದಿದವನು ನಾನು. ಎಪ್ಪತ್ತೊಂದಕ್ಕೆ ಒಂದು ದೇಶ ಕೈಗೆ ಬಂದಿದೆ. ಬಿಡುವುದುಂಟೆ?

ನೋಟ್‌ಬುಕ್ಕಿನ ಮುಂದಿನಿಂದ ಕಾನೂನು ಬರೆಯುತ್ತೇನೆ. ಹಿಂದಿನಿಂದ ಇದು, ನನ್ನದು.

ಮಾರ್ಚ್ ೪, ಮಂಗಳವಾರ

ಒಂದೇ ದಿನದಲ್ಲಿ ಹನ್ನೊಂದು ಕಾನೂನು! ಮುಖ್ಯವಾದವು ಇವು.

ಹಿರಿಯರು ಮಾತಾಡುವಾಗ ಕೇಳಿಸಿಕೊಳ್ಳುವ ದೂರದಲ್ಲಿರುವ ಎಲ್ಲರೂ ಕೆಲಸ ಬಿಟ್ಟು ನಿಂತು, ಅವರು ಮುಗಿಸುವವರೆಗೆ ಕೇಳತಕ್ಕದ್ದು. ಮನೆಯ ಹಿರಿಯರು ಓದದ ಹೊರತು ಪೇಪರಿನ ಮಡಿಕೆ ಯಾರೂ ಬಿಚ್ಚಬಾರದು. ಟೀ ಮೊದಲು ಹಿರಿಯರಿಗೆ, ಅದೂ ಬಿಸಿಯಾಗಿ. ಹಿರಿಯರು ಎರಡನೇ ಸಲ ಹೇಳುವ ಕಥೆಯನ್ನು ಮೊದಲನೇ ಸಲದ ಹಾಗೆ ಕೇಳತಕ್ಕದ್ದು.

ಸೊಸೆ ಓದಿ ಕೇಳಿದಳು, “ಮಾವ, ಆಚೆ ದೇಶದಲ್ಲಿ ಸೊಸೆಯಂದಿರು ಇದ್ದಾರಾ?”

“ಇದ್ದಾರೆ.”

“ಓಡಿಹೋಗೋಕೆ ದಾರಿ ಇಟ್ಟಿದ್ದೀರಾ?”

ಮಗ ನಕ್ಕ. ಅವನು ಲಿಫ್ಟ್ ರಿಪೇರಿ ಮಾಡುವವನು. ದಿನವಿಡೀ ಮೇಲೆ ಕೆಳಗೆ ಓಡಾಡಿ, ಮನೆಗೆ ಬಂದರೆ ನಮ್ಮಿಬ್ಬರ ನಡುವೆ ಸಿಕ್ಕಿಕೊಳ್ಳುತ್ತಾನೆ.

ಮಾರ್ಚ್ ೭, ಶುಕ್ರವಾರ

ಮೊದಲನೇ ಕಾನೂನನ್ನು ಆಟಕ್ಕೆ ಹಾಕಿ ನೋಡಿದರಂತೆ. ಬಾವಿಕಟ್ಟೆಯಲ್ಲಿ ಒಬ್ಬ ಮುದುಕ ಮಾತು ಶುರು ಮಾಡಿದ. ನೀರು ಸೇದುವವಳು ನಿಂತಳು. ದಾರಿಯಲ್ಲಿ ಹೋಗುವವನು ನಿಂತ. ನೋಡನೋಡುತ್ತ ಇನ್ನೂರು ಜನ. ಮುದುಕನಿಗೆ ಮುಗಿಸು ಅಂತ ಹೇಳುವ ಕಾನೂನು ನಾನು ಬರೆದಿರಲಿಲ್ಲ. ಮೂರು ದಿನ ಮಾತಾಡಿದನಂತೆ, ಆಟದ ಲೆಕ್ಕದಲ್ಲಿ. ಬೇಕರಿಯವನೂ ನಿಂತಿದ್ದರಿಂದ ಊರೆಲ್ಲ ಉಪವಾಸ. ಮೂರನೇ ದಿನ ಸಂಜೆ ಎರಡು ತಲೆಯ ಹಾವು ಬಂತು. ಅದೂ ನಿಂತು ಕೇಳಿತು.

“ಸೂಪರ್” ಅಂದನಂತೆ ಸೂಪರ್ ಸಾಹೇಬ. ಏನೋ ಸ್ವಲ್ಪ ಹೆಚ್ಚುಕಮ್ಮಿಯಾಗಿದೆ. ಸರಿಮಾಡೋಣ.

ಊಟದ ಹೊತ್ತಿಗೆ ಮಗ ಬೇರೆ ಸುದ್ದಿ ತೆಗೆದ. ಅಕ್ಕನ ಎರಡು ಕಣ್ಣಿಗೂ ಪೊರೆ ಬಲಿತಿದೆಯಂತೆ. ನನಗಿಂತ ಐದು ವರ್ಷಕ್ಕೆ ದೊಡ್ಡವಳು, ಬೇರೆ ಊರಿನಲ್ಲಿ ಒಬ್ಬಳೇ ಇದ್ದಾಳೆ. ಆಪರೇಷನ್ ಇಲ್ಲಿಯ ಆಸ್ಪತ್ರೆಯಲ್ಲೇ ಆಗಬೇಕು, ಆಮೇಲೆ ಒಂದು ತಿಂಗಳು ಯಾರಾದರೂ ದಿನಕ್ಕೆ ನಾಲ್ಕು ಸಲ ಕಣ್ಣಿಗೆ ಹನಿ ಹಾಕಬೇಕು. “ಅತ್ತೇನ ಇಲ್ಲಿಗೇ ಕರ್ಕೊಂಡು ಬರ್ತೀನಿ ಅಪ್ಪ” ಎಂದ.

ಬರಲಿ. ನಾನೇನು ಬೇಡ ಅಂದೆನೇ? ಒಂಬತ್ತು ವರ್ಷದಿಂದ ಈ ಮನೆಯ ಹೊಸ್ತಿಲು ತುಳಿಯದವಳು ಅವಳು. ಮಗನ ಮದುವೆಯ ಕಾರ್ಡಿನಲ್ಲಿ ಅವಳ ಹೆಸರು ಬಿಟ್ಟುಹೋಯಿತು. ಪ್ರೆಸ್ಸಿನಲ್ಲಿ ಇಂಥದ್ದು ಆಗುತ್ತದೆ. ಅಷ್ಟಕ್ಕೇ ಮದುವೆಗೂ ಬರಲಿಲ್ಲ, ಮಾತೂ ನಿಂತುಹೋಯಿತು.

ಮಾರ್ಚ್ ೧೧, ಮಂಗಳವಾರ

ಕಾನೂನು ಒಂದನ್ನು ತಿದ್ದಿ, ನಿಂತು ಕೇಳುವ ಬದಲು ಹಿರಿಯರು ಎದುರಾದರೆ ಕುದುರೆಯಿಂದ ಇಳಿದು ತಲೆಬಾಗಿದರೆ ಸಾಕು ಅಂತ ಮಾಡಿದೆ. ಇದನ್ನು ಹಾಕಿದ ಮೊದಲ ದಿನವೇ ಶತ್ರು ಸೈನ್ಯ ಒಬ್ಬ ಮುದುಕನನ್ನು ಮುಂದೆ ನಡೆಸಿಕೊಂಡು ಬಂತು. ನಮ್ಮವರೆಲ್ಲ ಕುದುರೆಯಿಂದ ಇಳಿದು ತಲೆ ಬಾಗಿಸಿದರು. ತಲೆ ಬಾಗಿಸಿದವರನ್ನು ಏನು ಮಾಡಿದರು ಅಂತ ನಾನು ಬರೆಯುವುದಿಲ್ಲ.

ಮಗ ಬೆಳಗಿನ ಬಸ್ಸಿಗೆ ಅಕ್ಕನ ಊರಿಗೆ ಹೋಗಿ ಸಂಜೆ ಒಬ್ಬನೇ ಬಂದ. ಬರುವುದಿಲ್ಲ ಅಂದಳಂತೆ.

“ಏನಂತೆ ಅವಳದ್ದು?”

“‘ನಿಮ್ಮಪ್ಪನಿಗೆ ಒಂದು ಪ್ರಶ್ನೆ ಕೇಳಿದ್ದೆ, ಅದಕ್ಕೆ ನಿಜವಾದ ಉತ್ತರ ಬರ್ಲಿ. ಆಮೇಲೆ ನನ್ನ ಕಣ್ಣಿನ ವಿಷ್ಯ’ ಅಂದ್ರು. ಏನಪ್ಪಾ ಪ್ರಶ್ನೆ?”

“ನಂಗೇನು ಗೊತ್ತು? ವಯಸ್ಸಾಯ್ತು ಅವಳಿಗೆ.”

“ಅವರು ಹಾಲು ಅಂತ ಮಜ್ಜಿಗೇನ ಟೀಗೆ ಹಾಕಿ ಕೊಟ್ರು ಅಪ್ಪ. ನಾನು ಕುಡ್ದೆ.”

ಮಾತು ಸ್ವಲ್ಪ ಜೋರಾಯಿತು. ಬಾಗಿಲು ಬಡಿದುಕೊಂಡಿತು.

ಮಾರ್ಚ್ ೧೩, ಗುರುವಾರ

ಇವತ್ತಿನ ಪೇಪರಿನ ಮೂಲೆಯಲ್ಲಿ ಒಂದು ಚಿಕ್ಕ ಚೌಕ. ‘ನಿನ್ನೆಯ ಸಂಚಿಕೆಯಲ್ಲಿ ತಪ್ಪು ನುಸುಳಿದೆ. ವಿಷಾದಿಸುತ್ತೇವೆ.’ ನುಸುಳಿದೆಯಂತೆ! ತಪ್ಪು ಅಂದರೆ ಜಿರಳೆಯೇ, ಬಾಗಿಲ ಸಂದಿಯಲ್ಲಿ ತಾನೇ ನುಸುಳುವುದಕ್ಕೆ? ಈ ಸಾಲನ್ನು ನಾನೇ ನನ್ನ ಕೈಯಾರೆ ನೂರಾರು ಸಲ ಜೋಡಿಸಿದ್ದೇನೆ. ಪ್ರತಿ ಸಲವೂ ಒಳಗೆ ನಗು ಬಂದಿದೆ.

ಅದರ ಕೆಳಗೇ ಇನ್ನೊಂದು ಸುದ್ದಿ, ಸೇತುವೆ ಕುಸಿದುಬಿತ್ತು. ಪಕ್ಕದ ಪುಟದಲ್ಲಿ ಕಡತ ಕಾಣೆಯಾಯಿತು. ಆಟದ ಪುಟದಲ್ಲಿ ಪಂದ್ಯ ಕೈತಪ್ಪಿತು. ಇಡೀ ಪೇಪರಿನಲ್ಲಿ ಒಬ್ಬನೇ ಒಬ್ಬ ಏನನ್ನೂ ಮಾಡಿರಲಿಲ್ಲ. ಎಲ್ಲ ತಾನಾಗಿ ಆಗಿತ್ತು. ಅಷ್ಟರಲ್ಲಿ ಸೊಸೆ ಅಡುಗೆಮನೆಯಿಂದ, “ಮಾವ, ನಿಮ್ಮ ಟೀ ಆರಿಹೋಯ್ತು!”

ಹೊಳೆಯಿತು ನೋಡಿ. ಓಡಿಹೋಗಿ ನೋಟ್‌ಬುಕ್ಕಿನ ಮುಂದಿನ ಕಡೆ ತೆರೆದು ಒಂದೇ ಉಸಿರಿಗೆ ಬರೆದೆ.

‘ಕಾನೂನು ಹನ್ನೆರಡು. ಆಚೆ ದೇಶದಲ್ಲಿ ಯಾರೂ ತಾವು ಮಾಡಿದ್ದನ್ನು “ಆಯ್ತು”, “ಹೋಯ್ತು” ಎನ್ನತಕ್ಕದ್ದಲ್ಲ. ಮಾಡಿದವರು “ಮಾಡಿದೆ” ಎನ್ನತಕ್ಕದ್ದು. ಮಳೆ ಬಂತು, ಹೊತ್ತು ಮುಳುಗಿತು, ಎಲೆ ಉದುರಿತು, ಇವಕ್ಕೆ ಮಾತ್ರ ರಿಯಾಯಿತಿ. ಏಕೆಂದರೆ ಅವನ್ನು ಮಾಡಿದವರು ಕೈಗೆ ಸಿಗುವುದಿಲ್ಲ.’

ಸೊಸೆ ಎರಡು ಸಲ ಓದಿದಳು. ಆಮೇಲೆ, “ಮಾವ, ಇದು ಚೆನ್ನಾಗಿದೆ” ಅಂದಳು. ಒಂಬತ್ತು ವರ್ಷದಲ್ಲಿ ಅವಳು ನನಗೆ ಹಾಗಂದದ್ದು ಇದೇ ಮೊದಲು. ಇನ್ನು ಲೋಟಗಳು ತಾವಾಗಿ ಹೇಗೆ ಬೀಳುತ್ತವೋ ನೋಡುತ್ತೇನೆ.

ಮಾರ್ಚ್ ೧೫, ಶನಿವಾರ

ನಕ್ಕೂ ನಕ್ಕೂ ಪಕ್ಕೆ ಹಿಡಿದಿದೆ.

ಸೂಪರ್ ಸಾಹೇಬ ಹನ್ನೆರಡನೇ ಕಾನೂನು ಓದಿ, “ಸೂಪರ್! ನಿನ್ನೆಯಿಂದಲೇ ಆಫೀಸಲ್ಲಿ ಟೆಸ್ಟ್ ಮಾಡ್ಬೇಕಿತ್ತು” ಅಂದನಂತೆ. ಸರಿ, ಇವತ್ತು ಬೆಳಿಗ್ಗೆ ಒಂಬತ್ತಕ್ಕೆ ಜಾರಿ. ಒಂಬತ್ತೂವರೆಗೆ ಬಣ್ಣ ಹಾಕುವ ಹುಡುಗಿ, “ಹಾವಿನ ಫೈಲು ಡಿಲೀಟಾಗೋ... ಡಿಲೀಟ್ ಮಾಡ್ದೆ” ಎಂದು ಅತ್ತಳಂತೆ. ಹತ್ತಕ್ಕೆ ಕುದುರೆ ವಿಭಾಗದವನು, “ತಡ ಆಯ್ತು... ಅಲ್ಲ, ತಡ ಮಾಡ್ದೆ. ಹೆಂಡ್ತಿ ಜೊತೆ ಜಗಳ ಆಯ್... ಜಗಳ ಮಾಡ್ದೆ. ತಪ್ಪು ನಂದೇ. ಫೋನ್ ಮಾಡಿ ಬರ್ತೀನಿ” ಅಂತ ಹೊರಗೆ ಹೋದವನು ಮಧ್ಯಾಹ್ನದವರೆಗೂ ಬರಲಿಲ್ಲ. ಹನ್ನೊಂದಕ್ಕೆ ಆಫೀಸಿನಲ್ಲಿ ಯಾರೂ ಬಾಯಿ ಬಿಡುತ್ತಿರಲಿಲ್ಲ. ಇಡೀ ವರ್ಷದಲ್ಲಿ ಅಷ್ಟು ಕೆಲಸ ನಡೆದದ್ದು ಇವತ್ತೇ ಅಂತೆ.

ಮಧ್ಯಾಹ್ನದ ಮೀಟಿಂಗಿನಲ್ಲಿ ಸೂಪರ್ ಸಾಹೇಬನೇ ಎದ್ದು, “ಹೋದ ವರ್ಷ ದುರದೃಷ್ಟಕ್ಕೆ ನಮ್ಮ ಮೂರು ಜನರ ಕೆಲಸ ಹೋಯ್ತು” ಎಂದ. ಎಲ್ಲರೂ ಅವನನ್ನೇ ನೋಡಿದರು. ಅವನು ನೀರು ಕುಡಿದ. ಇನ್ನೊಂದು ಸಲ ಕುಡಿದ. “ಕೆಲಸದಿಂದ... ನಾನು... ತೆಗೆ...” ಅಂತ ಬಂದು, ಅಲ್ಲೇ ನಿಂತು, “ಟೆಸ್ಟ್ ಮುಗಿದುಹೋಯ್ತು, ಎಲ್ಲರಿಗೂ ಥ್ಯಾಂಕ್ಸ್” ಎಂದನಂತೆ.

ಒಂದು ಮಾತಿಗೆ ದೊಡ್ಡವರು ಹೇಗೆ ಒದ್ದಾಡುತ್ತಾರೆ ನೋಡಿ. ಮೂರಕ್ಷರ ಉಗುಳಲಾರದೆ!

ಮಾರ್ಚ್ ೧೬, ಭಾನುವಾರ

ಇವತ್ತು ಮನೆಯಲ್ಲೂ ಹನ್ನೆರಡನೇ ಕಾನೂನು ನಡೆಸೋಣ ಎಂದಳು ಸೊಸೆ. ನಾನು ಮೀಸೆ ತಿರುವಿ ಒಪ್ಪಿದೆ.

ಮಗ ಟೀ ಮಾಡಿದ. “ಸಕ್ಕರೆ ಅಂತ ಉಪ್ಪು ಬಿದ್... ಉಪ್ಪು ಹಾಕ್ದೆ.” ಸೊಸೆ ತನ್ನ ಸರದಿ ಬಂದಾಗ ನನ್ನ ಮುಖ ನೋಡಿ, “ಮಾವ, ಅವತ್ತು ನಿಮ್ಮ ಲೋಟ ಬೀಳ್ಲಿಲ್ಲ. ನಿಮ್ಮ ಮೇಲೆ ಸಿಟ್ಟಿತ್ತು, ಕುಕ್ಕಿದೆ. ಒಡೀತು ಅಂತಲೂ ಅನ್ನಲ್ಲ. ಒಡೆದೆ” ಎಂದಳು.

ಹೀಗೆ ನೇರವಾಗಿ ಎದುರಿಗೆ ಇಟ್ಟರೆ ಮನುಷ್ಯ ಬೈಯುವುದಾದರೂ ಹೇಗೆ? ಬೈಗುಳಕ್ಕೆ ಕೈಹಿಡಿಯೇ ಸಿಗಲಿಲ್ಲ. “ಹೋಗ್ಲಿ ಬಿಡಮ್ಮ, ಅದರ ಬಾಯಿ ಮೊದಲೇ ಬಿರುಕು ಬಿಟ್ಟಿತ್ತು” ಅಂದೆ.

ಆಗ ಅವಳು ನಗುತ್ತಲೇ ಕೇಳಿದಳು, “ಈಗ ನಿಮ್ಮ ಸರದಿ. ನಮ್ಮ ಮದುವೆ ಕಾರ್ಡಲ್ಲಿ ಅತ್ತೆ ಹೆಸರು ಬಿಟ್ಟುಹೋಯ್ತು ಅಂತೀರಲ್ಲ, ಆಚೆ ದೇಶದಲ್ಲಾದ್ರೆ ಅದನ್ನ ಹೇಗೆ ಹೇಳ್ತಾರೆ?”

“ಅದು ಪ್ರೆಸ್ಸಿನ ತಪ್ಪು ಕಣೇ” ಎಂದ ಮಗ.

“ಪ್ರೆಸ್ಸಿಗೆ ಕೈ ಇರುತ್ತಾ?”

ತಲೆನೋವು ಬಂತು. ರೂಮಿಗೆ ಬಂದೆ.

ಮಾರ್ಚ್ ೧೭, ಸೋಮವಾರ

ವಿಶೇಷ ಏನಿಲ್ಲ. ಪೇಪರ್ ಓದಲಿಲ್ಲ.

ಮಾರ್ಚ್ ೧೯, ಬುಧವಾರ

ಹನ್ನೆರಡನೇ ಕಾನೂನಿಗೆ ಒಂದು ಉಪಕಾನೂನು ಬರೆದುಕೊಟ್ಟೆ. ‘ಎಪ್ಪತ್ತು ದಾಟಿದವರಿಗೂ, ಎಂಟು ವರ್ಷಕ್ಕಿಂತ ಹಳೆಯ ವಿಷಯಗಳಿಗೂ ಇದು ಅನ್ವಯಿಸತಕ್ಕದ್ದಲ್ಲ.’

ಸೊಸೆ ಓದಿ, ಹಾಳೆಯ ಮೇಲಿಂದ ನನ್ನನ್ನು ನೋಡಿದಳು. “ಮಾವ, ಕೋಟೆ ಕಟ್ಟಿದವರೇ ಗೋಡೇಲಿ ಕಿಂಡಿ ಇಟ್ಕೊಂಡ್ರೆ?”

“ಗಾಳಿಗೆ ಬೇಡ್ವಾ?”

“ಗಾಳಿಗೋ, ಓಡೋಕೋ?”

ಆಫೀಸಿನಲ್ಲಿ ಮಾತ್ರ ಈ ಉಪಕಾನೂನಿಗೆ ಭಾರಿ ಸ್ವಾಗತವಂತೆ. ಸೂಪರ್ ಸಾಹೇಬ ಎರಡು ಸಲ “ಸೂಪರ್ ಸೂಪರ್” ಅಂದು, ‘ಎಪ್ಪತ್ತು ದಾಟಿದವರಿಗೂ’ ಎಂಬುದರ ಮುಂದೆ ‘ಮೇಲಧಿಕಾರಿಗಳಿಗೂ’ ಅಂತ ಸೇರಿಸಿದ. ಅವನ ಮೇಲಿನವನು ‘ಅವರ ಬಂಧುಗಳಿಗೂ’ ಅಂತ ಸೇರಿಸಿದ. ಕೊನೆಗೆ ಆಟಕ್ಕೆ ಹಾಕಿ ನೋಡಿದಾಗ ನಾಲ್ಕು ಸಾವಿರ ಜನರಲ್ಲಿ ‘ಮಾಡಿದೆ’ ಅನ್ನಬೇಕಾದವರು ಇಬ್ಬರೇ ಉಳಿದಿದ್ದರಂತೆ. ನೀರು ಸೇದುವವಳು, ಮತ್ತೆ ಬೇಕರಿಯವನು. ದೇಶದ ಎಲ್ಲ ತಪ್ಪನ್ನೂ ಅವರಿಬ್ಬರೇ ಮಾಡುತ್ತಿದ್ದಾರೆ ಅನ್ನುವ ಹಾಗಾಯಿತು. ಸಂಜೆಗೆ ಅವರಿಬ್ಬರಿಗೂ ಶಿಕ್ಷೆ.

ಕೇಳಿದಾಗ ನಗು ಬರಬೇಕಿತ್ತು. ಬರಲಿಲ್ಲ. ಬಾವಿಕಟ್ಟೆಯ ಹೆಂಗಸು ನನ್ನಿಂದ ಜೈಲಿಗೆ ಹೋದಳು.

ಉಪಕಾನೂನು ಹೊಡೆದುಹಾಕಿದೆ.

ಮಾರ್ಚ್ ೨೨, ಶನಿವಾರ

ಅಕ್ಕ ಕೈ ಸುಟ್ಟುಕೊಂಡಿದ್ದಾಳೆ. ಬಿಸಿನೀರನ್ನು ಪಾತ್ರೆಗೆ ಅಂತ ಕೈಮೇಲೆ ಹೊಯ್ದುಕೊಂಡಳಂತೆ. ಅವಳ ಪಕ್ಕದ ಮನೆಯವರು ಮಗನಿಗೆ ಫೋನ್ ಮಾಡಿದ್ದರು. ಡಾಕ್ಟರು ಏಪ್ರಿಲ್ ನಾಲ್ಕಕ್ಕೆ ಆಪರೇಷನ್ ದಿನ ಇಟ್ಟಿದ್ದಾರೆ. ಬಿಟ್ಟರೆ ಮತ್ತೆ ಮೂರು ತಿಂಗಳು, ಅಷ್ಟರಲ್ಲಿ ಒಂದು ಕಣ್ಣು ಪೂರ್ತಿ ಹೋಗಬಹುದು ಅಂದರಂತೆ. ಮಗ ಫೋನಿನಲ್ಲಿ ಬೇಡಿಕೊಂಡ. ಅವಳದ್ದು ಒಂದೇ ಮಾತು, “ಉತ್ತರ ಬಂತಾ?”

ಫೋನ್ ಇಟ್ಟು ಮಗ ನನ್ನ ಕಡೆ ತಿರುಗಿದ. “ಆ ಪ್ರಶ್ನೆ ಏನೇ ಇರ್ಲಿ ಅಪ್ಪ, ಹೌದು ಅನ್ನೋ, ಇಲ್ಲ ಅನ್ನೋ. ಏನೋ ಒಂದು ಹೇಳಿಬಿಡು. ಕಣ್ಣು ಅವರದ್ದು.”

ಹೌದು, ಇಲ್ಲ ಅನ್ನುವ ಪ್ರಶ್ನೆ ಅಲ್ಲ ಮಗನೇ ಅದು.

ಮಾರ್ಚ್ ೨೩, ಭಾನುವಾರ

ಇವರಿಬ್ಬರೂ ಹೊರಗೆ ಹೋಗಿದ್ದಾರೆ. ಬರೆಯುತ್ತೇನೆ.

ಮಗನಿಗೆ ಮೂರು ವರ್ಷವಾಗಿದ್ದಾಗ ಅವನ ಅಮ್ಮ ತೀರಿಕೊಂಡಳು. ಅಕ್ಕ ತನ್ನ ಊರು ಬಿಟ್ಟು ಬಂದು ಹನ್ನೊಂದು ವರ್ಷ ನಮ್ಮ ಜೊತೆ ಇದ್ದಳು. ಅವನಿಗೆ ಅಕ್ಷರ ಕಲಿಸಿದವಳು ಅವಳು. ನಾನು ಊರಿಗೆಲ್ಲ ಅಕ್ಷರ ಜೋಡಿಸುತ್ತಿದ್ದೆ, ಮನೆಯಲ್ಲಿ ಅವಳು ಸ್ಲೇಟಿನ ಮೇಲೆ ಅವನ ಕೈ ಹಿಡಿದು ತಿದ್ದಿಸುತ್ತಿದ್ದಳು. ಮದುವೆಯ ಕಾರ್ಡು ಮಾಡುವಾಗ ಮಗ ಕೇಳಿದ್ದು ಒಂದೇ. “ಅತ್ತೆ ಹೆಸರು ನಿನ್ನ ಹೆಸರಿನ ಪಕ್ಕದಲ್ಲೇ ಇರ್ಲಿ ಅಪ್ಪ, ಅಷ್ಟೇ ದಪ್ಪ ಅಕ್ಷರದಲ್ಲಿ.”

ಜೋಡಿಸಿದೆ. ಪಕ್ಕದಲ್ಲೇ, ಅಷ್ಟೇ ದಪ್ಪಕ್ಕೆ. ಕರಡು ತೆಗೆದೆವು. ಅವತ್ತು ಅಕ್ಕ ಪ್ರೆಸ್ಸಿಗೆ ಬಂದಿದ್ದಳು, ಕರಡಿನಲ್ಲಿ ತನ್ನ ಹೆಸರನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಹಸಿ ಮಸಿ ಬೆರಳಿಗೆ ಹತ್ತಿತು. ಸೆರಗಿಗೆ ಒರೆಸಿಕೊಳ್ಳದೆ ಹಾಗೇ ಇಟ್ಟುಕೊಂಡು ಹೋದಳು.

ಅವಳು ಆಚೆ ಹೋಗಿದ್ದೇ ತಡ, ಮೆಷಿನ್ ನಡೆಸುವವನು ಕರಡು ಎತ್ತಿ ಓದಿ ನಕ್ಕ. “ಓಹೋ! ಸಾಕಿದ್ದು ಅಕ್ಕ, ಕಾರ್ಡಿಗೆ ಹೆಸರು ಕೊಟ್ಟಿದ್ದು ತಮ್ಮ!”

ಅಷ್ಟೇ. ತಮಾಷೆಯ ಮಾತು. ಅವನಿಗೆ ಮರುದಿನಕ್ಕೆ ನೆನಪೂ ಇರಲಿಕ್ಕಿಲ್ಲ.

ಎಲ್ಲರೂ ಊಟಕ್ಕೆ ಹೋದ ಮೇಲೆ, ಜೋಡಿಸಿದ ಮೊಳೆಗಳು ಚೆದುರದ ಹಾಗೆ ಸುತ್ತ ಕಟ್ಟಿದ್ದ ದಾರ ಬಿಚ್ಚಿದೆ. ಅಕ್ಕನ ಹೆಸರಿಗೆ ಹದಿಮೂರು ಮೊಳೆ. ಚಿಮುಟದಲ್ಲಿ ಒಂದೊಂದಾಗಿ ಕಿತ್ತು ಅವುಗಳ ಖಾನೆಗೆ ಹಾಕಿದೆ. ನನ್ನ ಹೆಸರನ್ನು ಸಾಲಿನ ನಡುವಿಗೆ ಸರಿಸಿದೆ. ಎರಡೂ ಕಡೆ ಅಕ್ಷರವಿಲ್ಲದ ಖಾಲಿ ಸೀಸದ ತುಂಡು ಕೊಟ್ಟು ಬಿಗಿ ಮಾಡಿದೆ. ಮತ್ತೆ ದಾರ ಕಟ್ಟಿದೆ. ಬಿಟ್ಟುಹೋಗುವ ಹೆಸರು ಹೀಗೆ ಹೋಗುವುದಿಲ್ಲ. ಹೀಗೆ ತೆಗೆಯುವುದಕ್ಕೆ ಕಾಲು ಗಂಟೆ ಹಿಡಿಯುತ್ತದೆ.

ಕಾರ್ಡು ತಲುಪಿದ ದಿನ ಅಕ್ಕ ಪ್ರೆಸ್ಸಿನ ಬಾಗಿಲಲ್ಲಿ ನಿಂತು ಕೇಳಿದಳು, “ಬಿಟ್ಟುಹೋಯ್ತೋ, ಬಿಟ್ಟೆಯೋ?”

“ಬಿಟ್ಟುಹೋಯ್ತು ಅಕ್ಕ” ಅಂದೆ. ಅವಳ ಎದುರಿಗೆ ಮೆಷಿನ್ ಓಡುತ್ತಲೇ ಇತ್ತು.

ಮಾರ್ಚ್ ೨೪, ಸೋಮವಾರ

ನಾಲ್ಕು ಪೋಸ್ಟ್ ಕಾರ್ಡು ತಂದೆ.

ಮೊದಲನೆಯದು: ‘ಅಂದು ಆದ ಅಚಾತುರ್ಯಕ್ಕೆ ವಿಷಾದವಿದೆ.’ ಹರಿದೆ. ಪೇಪರಿನ ಮೂಲೆಯ ಚೌಕದ ಹಾಗಿತ್ತು.

ಎರಡನೆಯದು: ‘ಅಕ್ಕ, ನನ್ನಿಂದ ತಪ್ಪಾಯಿತು.’ ಇದು ನಡೆಯುತ್ತದೆ ಅಂದುಕೊಂಡು ಅಂಗಿಯ ಜೇಬಿಗೆ ಹಾಕಿದೆ. ಬಾಗಿಲವರೆಗೆ ಹೋಗಿ ಹೊರಗೆ ತೆಗೆದು ಇನ್ನೊಮ್ಮೆ ಓದಿದೆ. ತಪ್ಪು ನನ್ನೊಳಗಿಂದ ನಡೆದುಕೊಂಡು ಹೋದ ಹಾಗಿತ್ತು, ನಾನು ಬರೀ ದಾರಿ ಬಿಟ್ಟವನು. ಹರಿದೆ.

ಮೂರನೆಯದಕ್ಕೆ ಮೆಷಿನಿನವನ ಮಾತು, ಆ ದಿನದ ಬಿಸಿಲು, ನನ್ನ ವಯಸ್ಸು, ಅಮ್ಮ ಇಲ್ಲದ ಮಗು, ಎಲ್ಲ ಬಂದವು. ಕಾರ್ಡು ಸಾಲದೆ ಅಂಚಿನಲ್ಲೂ ಬರೆದೆ. ಪೂರ್ತಿ ಓದಿದರೆ ಅದರಲ್ಲಿ ತಪ್ಪು ಮಾಡಿದವರು ಏಳು ಜನ ಇದ್ದರು. ನಾನು ಎಂಟನೆಯವನು. ಹರಿದೆ.

ನಾಲ್ಕನೆಯದರಲ್ಲಿ ಒಂದೇ ಪದ. ಅವಳ ಕಣ್ಣಿಗೆ ಕಾಣಲಿ ಅಂತ ಕಾರ್ಡಿನ ತುಂಬ, ಗೋಡೆಯ ಪೋಸ್ಟರಿನ ಅಳತೆಗೆ ಬರೆದೆ.

ಬಿಟ್ಟೆ.

ಸೊಸೆ ತಾನು ಹಾಕಿಬರುತ್ತೇನೆ ಅಂದಳು. ಬೇಡಮ್ಮ ಅಂದೆ. ನಡೆದುಹೋಗಿ ನಾನೇ ಪೋಸ್ಟ್ ಡಬ್ಬಿಗೆ ಹಾಕಿದೆ. ಒಳಗೆ ಬಿದ್ದ ಸದ್ದು ಕೇಳಿದ ಮೇಲೆ ಬಂದೆ.

ಮಾರ್ಚ್ ೨೫, ಮಂಗಳವಾರ

ಮಗನಿಗೂ ಹೇಳಿದೆ. ದಾರ ಬಿಚ್ಚಿದ್ದು, ಹದಿಮೂರು ಮೊಳೆ, ಎಲ್ಲ.

ಅವನು ಬೈಯಲಿಲ್ಲ. ಸ್ಕ್ರೂಡ್ರೈವರನ್ನು ಕೈಯಲ್ಲಿ ತಿರುಗಿಸುತ್ತ ಕೂತ. ಕೊನೆಗೆ, “ಮದುವೆ ದಿನ ಮೊದಲ ಸಾಲಲ್ಲಿ ಅತ್ತೆಗೆ ಅಂತ ಒಂದು ಕುರ್ಚಿ ಇಟ್ಟಿದ್ದೆ. ಕೊನೇವರೆಗೂ ನೋಡ್ತಾನೇ ಇದ್ದೆ. ನೀನು ಅದರ ಮೇಲೆ ನಿನ್ನ ಶಾಲು ಹಾಕಿದ್ದೆ ಅಪ್ಪ” ಎಂದ.

“ಹೌದು. ಹಾಕಿದ್ದೆ.”

ಊಟಕ್ಕೆ ಬರಲಿಲ್ಲ. ಸೊಸೆ ನನ್ನ ಮುಂದೆ ತಟ್ಟೆ ಇಟ್ಟು, ಎದುರಿಗೆ ಕೂತು, ನಾನು ಮುಗಿಸುವವರೆಗೆ ಎದ್ದು ಹೋಗಲಿಲ್ಲ.

ಮಾರ್ಚ್ ೨೭, ಗುರುವಾರ

ರೀತಿ-ನೀತಿ ವಿಭಾಗ ಮುಚ್ಚಿದರು. ಸೂಪರ್ ಸಾಹೇಬ ಸೊಸೆಯನ್ನು ಕರೆದು, “ನೋಡಿ, ಜನಕ್ಕೆ ನೀತಿ ಹಾಕಿದ್ರೆ ಆಟ ನಿಧಾನ ಆಗ್ತಿದೆ. ವಿಭಾಗ ಮುಚ್ಚಿಹೋಯ್ತು” ಎಂದನಂತೆ.

“ಮುಚ್ಚಿದ್ರಿ ಸಾರ್” ಎಂದಳಂತೆ ಇವಳು.

“ಹ್ಞಾಂ?”

“ಮುಚ್ಚಿಹೋಗ್ಲಿಲ್ಲ. ನೀವು ಮುಚ್ಚಿದ್ರಿ.”

ಅವನು ಕಿಟಕಿಯ ಕಡೆ ತಿರುಗಿ, ಮೆಲ್ಲಗೆ, “ಮುಚ್ಚಿದೆ” ಎಂದನಂತೆ. ಹೇಳಿದ ಮೇಲೆ ಮುಖ ಸ್ವಲ್ಪ ಹಗುರಾದ ಹಾಗಿತ್ತು, ಅದರ ಹಿಂದೆಯೇ “ಸೂಪರ್” ಬರಲಿಲ್ಲ, ಅಂದಳು. ಅವಳನ್ನು ಹಾವಿನ ವಿಭಾಗಕ್ಕೆ ಹಾಕಿದ್ದಾನೆ. ಹಾವಿಗೆ ಮೂರನೇ ತಲೆ ಬರುತ್ತದೆಯಂತೆ. ಜನ ಮತ್ತೆ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದುಕೊಂಡು ಸುಖವಾಗಿದ್ದಾರೆ.

ನೋಟ್‌ಬುಕ್ ವಾಪಸ್ ಕೊಡಲು ಹೋದೆ. “ಇಟ್ಕೊಳಿ ಮಾವ. ಮುಂದಿನ ಕಡೆ ಇನ್ನೂ ಜಾಗ ಇದೆ” ಅಂದಳು.

ಕಾರ್ಡಿಗೆ ಉತ್ತರ ಇಲ್ಲ. ಮಗ ಇವತ್ತು ನನ್ನ ಜೊತೆ ಎರಡು ಮಾತಾಡಿದ. ಎರಡೂ ಎಣ್ಣೆ ಹಾಕದ ಕೀಲಿನ ಹಾಗೆ ಕಿರ್ ಅಂದವು. ಆದರೂ ಆಡಿದ.

ಮಾರ್ಚ್ ೩೧, ಸೋಮವಾರ

ಬಂತು! ಅಕ್ಷರ ಒಂದರ ಮೇಲೊಂದು ಹತ್ತಿ ಕೂತಿವೆ, ಸಾಲು ಬೆಟ್ಟ ಇಳಿದ ಹಾಗೆ ಕೆಳಗೆ ಹೋಗಿದೆ. ಬೇರೆಯವರ ಕೈಯಲ್ಲಿ ಬರೆಸಿಲ್ಲ, ಅವಳದ್ದೇ.

‘ಒಂದು ಪದ ಜೋಡಿಸೋಕೆ ಒಂಬತ್ತು ವರ್ಷ ತಗೊಳ್ಳೋ ಕೆಲಸಗಾರನ್ನ ಪ್ರೆಸ್ಸಿನವರು ನಲವತ್ತೆರಡು ವರ್ಷ ಹೇಗೆ ಇಟ್ಕೊಂಡರೋ. ಗುರುವಾರದ ಬಸ್ಸಿಗೆ ಬರ್ತೀನಿ. ಮಜ್ಜಿಗೆ ಟೀ ಕುಡಿದವನನ್ನ ಸ್ಟ್ಯಾಂಡಿಗೆ ಕಳಿಸು.’

ಮಗ ಕಾರ್ಡನ್ನು ಎರಡು ಸಲ ಓದಿ ತನ್ನ ಜೇಬಿಗೆ ಹಾಕಿಕೊಂಡ. ನನಗೆ ಬಂದ ಕಾರ್ಡು ಅದು. ಕೇಳಲಿಲ್ಲ.

ಏಪ್ರಿಲ್ ೩, ಗುರುವಾರ

ಬಾಗಿಲಲ್ಲಿ ನಿಂತಿದ್ದೆ. ಮಗನ ತೋಳು ಹಿಡಿದು ಮೆಟ್ಟಿಲು ಹತ್ತಿದಳು. ಕೈಗೆ ಬಿಳಿ ಬಟ್ಟೆ ಸುತ್ತಿತ್ತು. ನನ್ನ ಮುಖಕ್ಕೆ ಮೂಗು ತಾಗುವಷ್ಟು ಹತ್ತಿರ ಬಂದು ನೋಡಿದಳು.

“ಯಾರೋ ಮುದುಕ ನಿಂತಿದ್ದಾನೆ ಕಣೋ ಇಲ್ಲಿ.”

“ನಾನೇ ಅಕ್ಕ.”

“ಗೊತ್ತು. ಉಪ್ಪಿನಕಾಯಿ ಮೋರೆ ಮಸುಕಾಗಿದ್ರೂ ಕಾಣುತ್ತೆ.”

ಸೊಸೆ ತನ್ನ ಪರಿಚಯ ಹೇಳಲು ಮುಂದೆ ಬಂದಳು. ಅಕ್ಕ ಅವಳ ಕೆನ್ನೆಯನ್ನು ಮುಟ್ಟಿ ನೋಡಿದಳು, ಅವತ್ತು ಕರಡನ್ನು ಮುಟ್ಟಿದ ಹಾಗೆಯೇ. ಆಮೇಲೆ ಕುರ್ಚಿಯಲ್ಲಿ ಕೂತು, ಯಾರನ್ನೂ ನೋಡದೆ ಹೇಳಿದಳು.

“ನಾನೂ ಒಂದು ಹೇಳ್ಬೇಕು. ನಿಮ್ಮ ಮದುವೆಗೆ ‘ಬರೋಕಾಗ್ಲಿಲ್ಲ’ ಅಂತ ಊರಿಗೆಲ್ಲ ಹೇಳಿದ್ದೆ. ಜ್ವರ ಅಂದೆ, ಬಸ್ಸು ತಪ್ಪಿತು ಅಂದೆ. ಜ್ವರವೂ ಇರ್ಲಿಲ್ಲ, ಬಸ್ಸೂ ತಪ್ಪಿರ್ಲಿಲ್ಲ. ಸೀರೆ ಉಟ್ಕೊಂಡು ಸ್ಟ್ಯಾಂಡ್‌ವರೆಗೂ ಬಂದಿದ್ದೆ. ಬಸ್ಸು ಹೊರಡೋದನ್ನ ನೋಡ್ತಾ ನಿಂತೆ. ಬರೋಕಾಗ್ಲಿಲ್ಲ ಅಲ್ಲ ಮಗಾ. ಬರ್ಲಿಲ್ಲ.”

ಮಗ ನೆಲದ ಮೇಲೆ ಅವಳ ಕಾಲ ಬಳಿ ಕೂತುಬಿಟ್ಟ. ನಲವತ್ತರ ಗಂಡಸು.

ಸ್ವಲ್ಪ ಹೊತ್ತಿನ ಮೇಲೆ ಸೊಸೆ ನನ್ನ ಕಿವಿಯಲ್ಲಿ, “ಮಾವ, ಹನ್ನೆರಡನೇ ಕಾನೂನು ಅವರಿಗೆ ಯಾರು ಹೇಳಿದ್ರು?” ಎಂದಳು.

ಯಾರೂ ಹೇಳಿಲ್ಲ. ಅವಳ ಪ್ರಶ್ನೆಯನ್ನೇ ನಾನು ಕದ್ದು ಕಾನೂನು ಮಾಡಿದ್ದು.

ವಿಭಾಗ ಮುಚ್ಚಿದರೇನಂತೆ, ನೋಟ್‌ಬುಕ್ಕಿನ ಮುಂದಿನ ಕಡೆ ಹದಿಮೂರನೆಯದನ್ನೂ ಬರೆದೆ. ‘ಆಚೆ ದೇಶದಲ್ಲಿ ಒಬ್ಬರು ತಮ್ಮ ತಪ್ಪು ತಂದುಕೊಟ್ಟರೆ, ಎದುರಿನವರು ಬರಿಗೈಯಲ್ಲಿ ಕಳಿಸತಕ್ಕದ್ದಲ್ಲ. ತಮ್ಮದೊಂದನ್ನು ಕೊಟ್ಟು ಕಳಿಸತಕ್ಕದ್ದು.’

ಏಪ್ರಿಲ್ ೫, ಶನಿವಾರ

ಒಂದು ಕಣ್ಣಿನ ಆಪರೇಷನ್ ಮುಗಿದಿದೆ, ಚೆನ್ನಾಗಿದೆ ಎಂದರು ಡಾಕ್ಟರು. ಇನ್ನೊಂದು ಮುಂದಿನ ತಿಂಗಳು. ಹನಿ ಹಾಕುವ ಕೆಲಸ ನನಗೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ಮಲಗುವಾಗ. ಮೊಳೆ ಎತ್ತಿದ ಬೆರಳು ನಡುಗುವುದಿಲ್ಲ ಅಂತ ಮಗನೇ ನನ್ನ ಹೆಸರು ಹೇಳಿದ.

ಏಪ್ರಿಲ್ ೧೨, ಶನಿವಾರ

ಅಕ್ಕ ಇವತ್ತು ಪೇಪರಿನ ದಪ್ಪ ಅಕ್ಷರ ಓದಿದಳು. ಮಡಿಕೆ ಮೊದಲು ಬಿಚ್ಚಿದ್ದೂ ಅವಳೇ. ಹಿರಿಯಳು ಅವಳು, ನನ್ನದೇ ಕಾನೂನು, ಏನು ಮಾಡಲಿ? ಒಂಬತ್ತು ಗಂಟೆಯವರೆಗೆ ನನ್ನ ಕೈಗೆ ಸಿಗಲಿಲ್ಲ.

ಬೆಳಿಗ್ಗೆ ಹಾಲು ಉಕ್ಕಿಸಿದೆ. ಮಧ್ಯಾಹ್ನದ ಹನಿ ಮರೆತೆ. ಎರಡಕ್ಕೂ ಬೈಸಿಕೊಂಡೆ.